ಬ್ರೇಕ್ ಮಾವನಿಗೆ ಹೇಳಿದ ಬೆಲೆ

ಜನವರಿ ೧೮

ಅಪ್ಪನಿಗೆ,

ಅಮ್ಮನ ಕಾನೂನಿನಂತೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಊಟ, ನಿದ್ದೆ, ಕೆಮ್ಮು ಮಾತ್ರ. ಕೆಲಸದ ಮಾತೆಲ್ಲ ಕಾಗದದಲ್ಲಿ. ಕಳೆದ ಸಲ ನಾವಿಬ್ಬರೂ ಕೆಲಸದ ವಿಷಯವನ್ನು ಫೋನಿನಲ್ಲಿ ಆಡಿದ್ದಕ್ಕೆ ಪಕ್ಕದ ಮನೆಯವರು ಬಂದು ಏನಾಯಿತು ಎಂದು ವಿಚಾರಿಸಿದರಂತಲ್ಲ, ಅಮ್ಮ ಅದನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ. ಕಾಗದದಲ್ಲಿ ಕೂಗಾಡಿದರೆ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಹಾಸಿಗೆ ಅಂಗಡಿಯವರ ವೆಬ್‌ಸೈಟು ಮುಗಿಯಿತು. ಅದು ಮುಗಿಯುವ ಹೊತ್ತಿಗೆ ನಾನೂ ಅರ್ಧ ಮುಗಿದಿದ್ದೆ. ಬೋರ್ಡು ಬರೆಯುವಾಗ ನೀನು ಅಕ್ಷರಕ್ಕಿಷ್ಟು ಎಂದು ಹೇಳುತ್ತಿದ್ದೆಯಲ್ಲ, ಅದನ್ನೇ ನೋಡಿ ಬೆಳೆದವಳು ನಾನು. ಪುಟಕ್ಕಿಷ್ಟು ಎಂದೆ. ಐದು ಪುಟ ಬೇಕಾಗಬಹುದು ಎಂದು ಅಂದಾಜೂ ಕೊಟ್ಟೆ. ಅವರು ಗಡ್ಡ ಕೆರೆದುಕೊಂಡು, "ಒಂದೇ ಪುಟ ಸಾಕಮ್ಮ, ನಮ್ದು ಸಣ್ಣ ಅಂಗಡಿ" ಅಂದರು. ಪಾಪ ಅನ್ನಿಸಿತು. ಒಪ್ಪಿಕೊಂಡೆ.

ಆಮೇಲೆ ಶುರುವಾಯಿತು. ಮೊದಲು ಹಾಸಿಗೆಗಳ ಫೋಟೋ ಬಂದವು, ಹಿಂದೆಯೇ ದಿಂಬುಗಳದ್ದು. ಯಾವ ಬೆನ್ನುನೋವಿಗೆ ಯಾವ ಹಾಸಿಗೆ ಎಂಬ ಉದ್ದನೆಯ ಪಟ್ಟಿ, ಅಂಗಡಿಗೆ ಬರುವ ದಾರಿ, ಅಂಗಡಿ ಕಟ್ಟಿದ ಅವರ ತಂದೆಯ ಜೀವನಚರಿತ್ರೆ, ಗಿರಾಕಿಗಳ ಹೊಗಳಿಕೆ, ಕೊನೆಗೆ ಅಂಗಡಿಯ ಬೆಕ್ಕು ಹೊಸ ಹಾಸಿಗೆಯ ಮೇಲೆ ಮೈಮುರಿಯುವ ವಿಡಿಯೋ. ಎಲ್ಲವೂ ಅದೇ ಒಂದು ಪುಟದಲ್ಲಿ. ಮೊಬೈಲಿನಲ್ಲಿ ತೆರೆದು ಕೆಳಗೆ ಸರಿಸುತ್ತಾ ಹೋದರೆ ಹೆಬ್ಬೆರಳು ನೋಯುತ್ತದೆಯೇ ಹೊರತು ಪುಟ ಮುಗಿಯುವುದಿಲ್ಲ. ಇದು ಎಂಟು ಪುಟದ ಕೆಲಸವಾಯಿತಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ಹಾಲು ಕುಡಿದ ಮಗುವಿನ ಮುಖ ಮಾಡಿಕೊಂಡು, "ಪುಟ ಒಂದೇ ಅಲ್ವೇನಮ್ಮ?" ಎಂದರು. ಹೌದು, ಒಂದೇ. ಬಾಯಿ ಮುಚ್ಚಿಕೊಂಡು ಮಾಡಿಕೊಟ್ಟೆ.

ನಿನ್ನ ಕಾಲದಲ್ಲೂ ಒಬ್ಬ ಅಂಗಡಿಯವನು ಅಕ್ಷರದ ದುಡ್ಡು ಉಳಿಸಲು ಬೋರ್ಡಿನಿಂದ 'ಮತ್ತು ಮಕ್ಕಳು' ಎಂಬುದನ್ನೇ ತೆಗೆಸಿದ್ದ. ಮಕ್ಕಳು ಬಂದು ನೀನು ನಿಂತಿದ್ದ ಏಣಿಯನ್ನು ಅಲುಗಾಡಿಸಿದ್ದರು. ಇದೂ ಅದೇ ಕಥೆ. ನಾವು ಯಾವುದನ್ನು ಎಣಿಸುತ್ತೇವೋ ಗಿರಾಕಿ ಅದನ್ನೇ ಕತ್ತರಿಸುತ್ತಾನೆ. ಇನ್ನು ಮೇಲೆ ನನಗೆ ಪುಟದ ಲೆಕ್ಕ ಬೇಡ. ಸರಿಯಾದ ಲೆಕ್ಕ ಯಾವುದು ಎಂದು ಇನ್ನೂ ಗೊತ್ತಾಗಿಲ್ಲ, ಹುಡುಕುತ್ತೇನೆ.

ಹೆಗಲಿನ ಔಷಧಿ ತಪ್ಪಿಸಬೇಡ.

ಇಂತಿ,
ಹೆಬ್ಬೆರಳು ನೋಯುತ್ತಿರುವ ನಿನ್ನ ಮಗಳು


ಫೆಬ್ರವರಿ ೨

ಮಗಳೇ,

ನಿನ್ನ ಕಾಗದ ಓದಿ ನಿಮ್ಮಮ್ಮ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ತಪ್ಪು ಲೆಕ್ಕದ್ದಲ್ಲ, ನಿನ್ನದು. ಅಕ್ಷರಕ್ಕಿಷ್ಟು ಎನ್ನುವ ಮೊದಲು ಎಷ್ಟು ಎತ್ತರದ ಅಕ್ಷರ ಎಂದು ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸುತ್ತಿದ್ದೆ. ಪುಟ ಎಷ್ಟು ಉದ್ದ ಎಂದು ನೀನು ಹೇಳಿದೆಯಾ? ಇಲ್ಲ. ಎಣಿಸಲು ಬರುವ ಲೆಕ್ಕವೇ ನ್ಯಾಯದ ಲೆಕ್ಕ. ಗಿರಾಕಿ ರಸ್ತೆಯ ಆಚೆ ನಿಂತು ಒಂದೊಂದೇ ಅಕ್ಷರ ಎಣಿಸಿ ದುಡ್ಡು ಕೊಡುತ್ತಿದ್ದ. ಮೂವತ್ತು ವರ್ಷ ಬೋರ್ಡು ಬರೆದೆ, ಮೋಸ ಮಾಡಿದ ಎಂದು ಒಬ್ಬನೂ ನನ್ನ ಕಡೆ ಬೆರಳು ತೋರಿಸಲಿಲ್ಲ.

ಅದಿರಲಿ, ಈಗ ಒಳ್ಳೆಯ ಸುದ್ದಿ. ನಿನ್ನ ಬ್ರೇಕ್ ಮಾವನ ಡ್ರೈವಿಂಗ್ ಸ್ಕೂಲಿಗೂ ವೆಬ್‌ಸೈಟು ಬೇಕಂತೆ. ನಿನಗೆ ಕಾರು ಕಲಿಸುವಾಗ ಪಕ್ಕದ ಸೀಟಿನಲ್ಲಿ ಕೂತು ತನ್ನ ಕಡೆಯ ಬ್ರೇಕಿನಿಂದ ಕಾಲೇ ತೆಗೆಯುತ್ತಿರಲಿಲ್ಲ ಅಂತ ನೀನು ಇಟ್ಟ ಹೆಸರು, ಈಗ ಇಡೀ ಬೀದಿ ಅವನನ್ನು ಹಾಗೇ ಕರೆಯುತ್ತದೆ. ದಿನವೂ ಸಂಜೆ ನಮ್ಮಲ್ಲಿ ಟೀ ಕುಡಿಯಲು ಬರುವವನು, ಬೇರೆಯವರ ಹತ್ತಿರ ಯಾಕೆ ಹೋಗುತ್ತೀಯ, ಮನೆಯಲ್ಲೇ ಮಗಳಿದ್ದಾಳೆ ಎಂದೆ. ಎಷ್ಟಾಗುತ್ತದೆ ಎಂದು ಕೇಳಿದ. ಫ್ಲೆಕ್ಸ್ ಅಂಗಡಿಯ ಹುಡುಗರು ಈಗ ಅದನ್ನೂ ಮಾಡುತ್ತಾರಂತೆ, ಎಂಟು ಸಾವಿರಕ್ಕೆ. ನಾನೂ ಎಂಟೇ ಎಂದೆ. ಕೈಕುಲುಕಿ ಮಾತು ಕೊಟ್ಟಾಗಿದೆ. ನಿನಗೆ ಈಗ ಕೆಲಸ ಕಡಿಮೆ ತಾನೇ, ಬೇಗ ಶುರುಮಾಡು.

ಇಂತಿ,
ನಿನ್ನ ಅಪ್ಪ


ಫೆಬ್ರವರಿ ೯

ಅಪ್ಪ,

ಆಗುವುದಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಆಮೇಲೆ ನೀನು ಕಾಗದ ಮಡಿಸಿ ಇಟ್ಟರೂ ವಿಷಯ ತಲುಪಿರುತ್ತದೆ.

ಮಾವನಿಗೆ ಫೋನ್ ಮಾಡಿದ್ದೆ. ಈ ಸಲ ಎಷ್ಟು ಪುಟ ಎಂದು ಕೇಳಲಿಲ್ಲ. ಇದು ಬಂದರೆ ನಿಮಗೆ ಏನು ತಪ್ಪುತ್ತದೆ, ಏನು ಸಿಗುತ್ತದೆ ಎಂದು ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದರು. ಅವರಿಗೆ ಬೇಕಾಗಿರುವುದು ಇಷ್ಟು: ಕಲಿಯುವವರು ಯಾವ ಹೊತ್ತಿಗೆ ಕಾರು ಖಾಲಿ ಇದೆ ಎಂದು ತಾವೇ ನೋಡಿ ಬುಕ್ ಮಾಡಿಕೊಳ್ಳಬೇಕು, ಬರಲಾಗದಿದ್ದರೆ ತಾವೇ ಬದಲಿಸಿಕೊಳ್ಳಬೇಕು, ಫೀಸು ಅಲ್ಲೇ ಕಟ್ಟಬೇಕು, ಇರುವ ಕಾರುಗಳ, ಕಲಿಸುವವರ ಹೊತ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು. ಇದು ಬೋರ್ಡಲ್ಲ ಅಪ್ಪ, ಹಗಲೂ ರಾತ್ರಿ ಕೂತು ಕೆಲಸ ಮಾಡುವ ಗುಮಾಸ್ತ. ಎರಡು ತಿಂಗಳು ಬೇರೇನನ್ನೂ ಮುಟ್ಟದೆ ಮಾಡಬೇಕು.

ಅಂತೂ ನನ್ನ ಲೆಕ್ಕ ಸಿಕ್ಕಿತು. ಈ ಕೋಣೆಯ ಬಾಡಿಗೆ, ಕರೆಂಟು, ಹಳೆಯದಾಗುತ್ತಿರುವ ಕಂಪ್ಯೂಟರು, ಕೆಲಸವಿಲ್ಲದ ತಿಂಗಳ ಊಟ, ಗಿರಾಕಿಗಳ ಜೊತೆ ಮಾತಾಡುತ್ತಾ ಕಳೆದುಹೋಗುವ ದಿನಗಳು, ಎಲ್ಲವನ್ನೂ ಸೇರಿಸಿ, ನಿಜವಾಗಿ ಕೂತು ಕೆಲಸ ಮಾಡುವ ದಿನಗಳಿಗೆ ಹಂಚಿದೆ. ಮಾವನ ಎರಡು ತಿಂಗಳ ಕೆಲಸಕ್ಕೆ ನಲವತ್ತು ಸಾವಿರ. ಎಂಟಕ್ಕೆ ಮಾಡಿದರೆ ಮಾವನ ಸ್ಕೂಲಿಗೆ ನಾನೇ ಕೈಯಿಂದ ದುಡ್ಡು ಹಾಕಿದ ಹಾಗೆ.

ಒಂದು ಮಾತು ಹೇಳಲೇಬೇಕು, ಸಿಟ್ಟಾಗು ಬೇಕಾದರೆ. ಫ್ಲೆಕ್ಸ್ ಬಂದ ವರ್ಷ ನೀನು ಅಕ್ಷರದ ದರವನ್ನು ಅರ್ಧ ಮಾಡಿದೆ. ಮರುವರ್ಷ ಅದರಲ್ಲಿ ಅರ್ಧ. ದುಪ್ಪಟ್ಟು ಗೋಡೆ ಹತ್ತಿದೆ, ಹೆಗಲು ಹೋಯಿತು, ಅಷ್ಟು ಮಾಡಿದರೂ ಗಿರಾಕಿಗಳು ಫ್ಲೆಕ್ಸಿಗೇ ಹೋದರು. ಆ ಹುಡುಗರು ಎಂಟು ಸಾವಿರಕ್ಕೆ ಕೊಡುವುದು ಸಿದ್ಧವಾಗಿ ಸಿಗುವ ಅಚ್ಚು, ಹೆಸರು ಬದಲಿಸಿ ಕೊಡುತ್ತಾರೆ. ಅದು ಸಾಕಾದವರು ಅದನ್ನೇ ತೆಗೆದುಕೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ನಾನು ಅದರ ಜೊತೆ ಓಟಕ್ಕೆ ನಿಲ್ಲುವುದಿಲ್ಲ, ಅಷ್ಟೇ. ಈ ವರ್ಷವೂ ಅರ್ಧ ದರಕ್ಕೆ ದುಡಿದರೆ ವರ್ಷದ ಕೊನೆಗೆ ಕೋಣೆ ಖಾಲಿ ಮಾಡಿ ಯಾರದೋ ಕೈಕೆಳಗೆ ಸೇರಬೇಕಾಗುತ್ತದೆ. ನನಗೆ ಈ ಕೆಲಸ ಇಷ್ಟ. ಬಿಡುವುದಿಲ್ಲ.

ಇಂತಿ,
ನಿನ್ನಷ್ಟೇ ಹಟಮಾರಿ ಮಗಳು


ಫೆಬ್ರವರಿ ೧೫

ಅವನು ನಿನಗೆ ಕಾರು ಕಲಿಸಿದಾಗ ಫೀಸು ಕೇಳಿದ್ದನಾ?

ನನ್ನ ಹೆಗಲಿನ ಉಸಾಬರಿ ನಿನಗೆ ಬೇಡ.

ಅಪ್ಪ


ಮಾರ್ಚ್ ೧

ಅಪ್ಪ,

ನಿನ್ನ ಎರಡು ಸಾಲು ಎರಡು ವಾರ ನನ್ನ ತಲೆ ತಿಂದವು. ಕೇಳಿರಲಿಲ್ಲ, ನಿಜ. ಬೆಳಿಗ್ಗೆ ಎದ್ದು ಬಂದು, ಗೇಟಿನ ಹತ್ತಿರ ಹಾರ್ನ್ ಹೊಡೆದು, ನಾನು ಬೇಲಿಗೆ ಗುದ್ದಿದ ದಿನವೂ ನಗುತ್ತಾ ಕಲಿಸಿದರು. ಅದನ್ನು ಮರೆಯುವಷ್ಟು ಕೃತಘ್ನಳಲ್ಲ.

ಹಾಗಾಗಿ ಒಂದು ದಾರಿ ಹುಡುಕಿದ್ದೇನೆ. ಆ ವರ್ಷ ಉಳಿದವರಿಗೆ ಎಷ್ಟು ಫೀಸಿತ್ತು ಎಂದು ಅವರ ಆಫೀಸಿಗೆ ಫೋನ್ ಮಾಡಿ ತಿಳಿದುಕೊಂಡೆ. ಮಾವನಿಗೆ ಕಳಿಸಿದ ಕೊಟೇಶನ್ನಿನಲ್ಲಿ ನಲವತ್ತು ಸಾವಿರವೆಂದು ಪೂರ್ತಿ ಬರೆದು, ಅದರ ಕೆಳಗೆ 'ಕಾರು ಕಲಿಸಿದ್ದರ ಬಾಬ್ತು ಕಳೆದದ್ದು' ಎಂದು ಇನ್ನೊಂದು ಸಾಲು ಹಾಕಿ ಫೀಸಿನ ಮೊತ್ತವನ್ನು ಇಳಿಸಿದ್ದೇನೆ. ಗುಟ್ಟಾಗಿ ಕಡಿಮೆ ಮಾಡಿದರೆ ಕೆಲಸದ ಬೆಲೆಯೇ ಅಷ್ಟು ಎಂದು ಅವರು ತಿಳಿಯುತ್ತಾರೆ, ನಾಲ್ಕು ಜನಕ್ಕೆ ಹಾಗೇ ಹೇಳುತ್ತಾರೆ. ಈಗ ಬೆಲೆಯೂ ಉಳಿಯಿತು, ಋಣವೂ ತೀರಿತು. ನನಗಂತೂ ಹೊರೆ ಇಳಿಸಿದ ಹಾಗಾಗಿದೆ. ಇದಕ್ಕಾದರೂ ಭೇಷ್ ಅನ್ನು.

ಇಂತಿ,
ನಿನ್ನ ಮಗಳು


ಮಾರ್ಚ್ ೧೨

ಮಗಳೇ,

ಭೇಷ್ ಅನ್ನಬೇಕೇ ನಿನಗೆ?

ನಿನ್ನ ಕೊಟೇಶನ್ನು ಹಿಡಿದುಕೊಂಡು ಅವನು ನಿನ್ನೆ ಸಂಜೆ ಮನೆಗೆ ಬಂದ. ನಿಮ್ಮಮ್ಮ ಟೀ ತಂದಿಟ್ಟಳು, ಮುಟ್ಟಲಿಲ್ಲ. ನಲವತ್ತರ ವಿಷಯ ಎತ್ತುತ್ತಾನೆ ಎಂದು ನಾನು ಮೈ ಬಿಗಿಹಿಡಿದು ಕೂತಿದ್ದೆ. ಅವನು ಅದನ್ನು ಎತ್ತಲೇ ಇಲ್ಲ. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ನನಗೆ ಓದಿ ಹೇಳಿದ. ಆಮೇಲೆ, "ನನಗೆ ಮಕ್ಕಳಿಲ್ಲ. ಮಗಳು ಅಂತ ಕಲಿಸ್ದೆ ಕಣೋ. ಅವಳು ಅದನ್ನ ಬಿಲ್ಲಿಗೆ ಹಾಕಿದ್ದಾಳೆ" ಎಂದ. ಅವನ ದನಿ ಒಡೆಯಿತು. ಇಷ್ಟು ವರ್ಷದ ಸ್ನೇಹದಲ್ಲಿ ಅವನ ದನಿ ಹಾಗಾದದ್ದನ್ನು ನಾನು ಕೇಳಿರಲಿಲ್ಲ. 

ಋಣ ತೀರಿತು ಅಂತ ಬರೆದಿದ್ದೀಯ. ಅವನು ಯಾವತ್ತು ಸಾಲ ಕೊಟ್ಟಿದ್ದ?

ಇನ್ನು ಈ ವಿಷಯದಲ್ಲಿ ನಾನು ಬರೆಯುವುದಿಲ್ಲ.

ಅಪ್ಪ

(ನಾನು, ಅಮ್ಮ. ಅವರು ಸಿಟ್ಟಿನಲ್ಲಿದ್ದಾರೆ, ನೀನು ಊಟ ಬಿಡಬೇಡ. ಆ ಸಾಲು ಬರೆಯಬಾರದಿತ್ತು ಕಣೇ.)


ಮಾರ್ಚ್ ೨೦

ಅಪ್ಪ, ಅಮ್ಮ,

ಆ ಸಾಲು ಓದಿ ಮಾವನಿಗೆ ಹಾಗನ್ನಿಸಬಹುದೆಂದು ನನಗೆ ಹೊಳೆಯಲೇ ಇಲ್ಲ. ಎಲ್ಲದಕ್ಕೂ ಬೆಲೆ ಬರೆಯುವ ಹುರುಪಿನಲ್ಲಿ ಬೆಲೆ ಬರೆಯಬಾರದ ಜಾಗಕ್ಕೂ ಬರೆದುಬಿಟ್ಟೆ. ಎರಡು ದಿನ ಅಳುತ್ತಾ ಕೂತೆ. ಆಮೇಲೆ ಮಾವನಿಗೂ ಅವರ ಮನೆಯ ಅತ್ತೆಗೂ ಸೇರಿಸಿ ಕಾಗದ ಬರೆದೆ. ನೀವು ಕಲಿಸಿದ್ದಕ್ಕೆ ಬೆಲೆ ಕಟ್ಟಿದ್ದು ನನ್ನ ತಪ್ಪು, ಅದನ್ನು ನಾನು ತೀರಿಸಲಾರೆ, ತೀರಿಸಲು ಹೋಗುವುದೂ ಇಲ್ಲ, ಕ್ಷಮಿಸಿ ಎಂದು.

ಅದರ ಜೊತೆ ಹೊಸ ಕೊಟೇಶನ್ನು ಇಟ್ಟಿದ್ದೇನೆ. ಅದರಲ್ಲಿ ಆ ಸಾಲಿಲ್ಲ. ನಲವತ್ತು ಸಾವಿರ ಹಾಗೇ ಇದೆ.

ಈಗ ನೀನು ಹಣೆ ಚಚ್ಚಿಕೊಳ್ಳುತ್ತಿದ್ದೀಯ ಎಂದು ಗೊತ್ತು. ತಪ್ಪಾದದ್ದು ಆ ಸಾಲು ಅಪ್ಪ, ಬೆಲೆಯಲ್ಲ. ತಪ್ಪು ಮಾಡಿದ ನಾಚಿಕೆಗೆ ಬೆಲೆ ಇಳಿಸಿದರೆ ಎರಡು ತಪ್ಪಾಗುತ್ತದೆ. ಫೀಸು ಕೇಳಲು ಅವರ ಆಫೀಸಿಗೆ ಫೋನ್ ಮಾಡಿದಾಗ ಎತ್ತಿದ್ದು ಅತ್ತೆಯೇ. ನನ್ನ ಜೊತೆ ಮಾತಾಡುವ ನಡುವೆ ಇನ್ನೊಂದು ಫೋನು ನಾಲ್ಕು ಸಲ ಹೊಡೆದುಕೊಂಡಿತು. ಸ್ಕೂಲಿನ ಅಷ್ಟೂ ಬುಕಿಂಗು ಅವರೊಬ್ಬರ ಕಿವಿಯ ಮೇಲೆ ನಡೆಯುತ್ತಿದೆ. ಬೆಳಿಗ್ಗೆ ಕಾರು ಹೊರಡುವ ಮೊದಲು ಶುರುವಾದರೆ ಮುಗಿಯುವುದೇ ಇಲ್ಲ, ಸ್ನಾನಕ್ಕೆ ಹೋಗುವಾಗಲೂ ಫೋನು ಬಾಗಿಲ ಹೊರಗೆ ಇಟ್ಟಿರುತ್ತಾರಂತೆ. ನಾನು ಮಾಡುವ ಕೆಲಸ ಅದನ್ನು ತಪ್ಪಿಸುವುದು. ಪುಟ ಎಣಿಸಿದರೆ ಅದು ಎಲ್ಲಿಯೂ ಕಾಣುವುದಿಲ್ಲ.

ನೀನು ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ಇಂತಿ,
ನಿಮ್ಮ ಮಗಳು


ಏಪ್ರಿಲ್ ೨೮

ಅಪ್ಪ,

ಮಾವನಿಂದಲೂ ಉತ್ತರವಿಲ್ಲ, ನಿನ್ನಿಂದಲೂ ಇಲ್ಲ. ಫೋನಿನಲ್ಲಿ ಅಮ್ಮ ಕೊಟ್ಟರೆ "ಹೂಂ, ಚೆನ್ನಾಗಿದ್ದೀನಿ" ಎಂದು ಅವಳ ಕೈಗೇ ವಾಪಸ್ ಕೊಡುತ್ತೀಯ. ಇರಲಿ. ನನ್ನ ಸುದ್ದಿ ಕೇಳು.

ಪ್ರಾಣಿಗಳ ಡಾಕ್ಟರೊಬ್ಬರು ಕರೆದಿದ್ದರು. ಅವರ ಕ್ಲಿನಿಕ್ಕಿನಲ್ಲಿ ಒಂದು ಕಡೆ ನಾಯಿಗಳು, ಇನ್ನೊಂದು ಕಡೆ ಬೆಕ್ಕುಗಳು, ನಡುವೆ ನಾನು. ಎಷ್ಟಾಗುತ್ತದೆ ಎಂದು ಕೂತ ತಕ್ಷಣ ಕೇಳಿದರು. ಮೊದಲಾಗಿದ್ದರೆ ಅಲ್ಲೇ ಒಂದು ಅಂಕಿ ಉದುರಿಸಿಬಿಡುತ್ತಿದ್ದೆ. ಈ ಸಲ, ಏನು ಬೇಕು ಎಂದು ಪೂರ್ತಿ ಕೇಳಿಸಿಕೊಂಡು, ಮನೆಗೆ ಬಂದು, ಲೆಕ್ಕ ಹಾಕಿ, ಎಷ್ಟು ಸಲ ಬದಲಾವಣೆ ಮಾಡಿಕೊಡುತ್ತೇನೆ, ಅದಕ್ಕಿಂತ ಹೆಚ್ಚಾದರೆ ಏನು, ಅರ್ಧ ದುಡ್ಡು ಮೊದಲೇ ಎಂದೆಲ್ಲ ಬರೆದುಕೊಂಡು ಮತ್ತೆ ಹೋದೆ. ಬೆಲೆ ಹೇಳಿದೆ. ಹೇಳಿ ಸುಮ್ಮನಾದೆ.

ಅದೇ ಕಷ್ಟ ಅಪ್ಪ. ಬೆಲೆ ಹೇಳಿದ ಮೇಲೆ ನಾಲಿಗೆ ತಾನಾಗಿಯೇ "ಜಾಸ್ತಿ ಅನ್ನಿಸಿದರೆ ನೋಡೋಣ" ಎಂದು ಹೊರಡುತ್ತದೆ. ಹಲ್ಲು ಕಚ್ಚಿ ಹಿಡಿದೆ. ಅವರು ಕಾಗದ ನೋಡುತ್ತಿದ್ದರು, ಒಂದು ದೊಡ್ಡ ನಾಯಿ ನನ್ನ ಚಪ್ಪಲಿ ನೆಕ್ಕುತ್ತಿತ್ತು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು, ಯಾವಾಗ ಶುರುಮಾಡುತ್ತೀರಿ ಎಂದು.

ಈ ತಿಂಗಳು ಬಾಡಿಗೆ ಸಲೀಸಾಗಿ ಕಟ್ಟಿದೆ. ಆದರೂ ನೀನು ಮಾತಾಡದೆ ಇರುವುದು ನನಗೆ ಸಹಿಸಲಾಗುತ್ತಿಲ್ಲ. ಬೈದಾದರೂ ಬರಿ.

ಇಂತಿ,
ನಿನ್ನ ಮಗಳು


ಮೇ ೧೦

ಮಗಳೇ,

ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ನಿಮ್ಮಮ್ಮ ಪೆನ್ನು ತಂದು ಮುಂದಿಟ್ಟಾಗಲೆಲ್ಲ ಪೇಪರು ಬಿಡಿಸಿಕೊಂಡು ಮುಖ ಮುಚ್ಚಿಕೊಂಡೆ.

ಹೋದ ವಾರ ನಾನೇ ನಿನ್ನ ಮಾವನ ಆಫೀಸಿಗೆ ಹೋದೆ. ಮಗಳನ್ನು ಒಪ್ಪಿಸಿ ಎಂಟಕ್ಕೇ ಮಾಡಿಸುತ್ತೇನೆ ಎಂದು ಸಮಾಧಾನ ಹೇಳಲು ಹೋದದ್ದು. ಅವನು ಕಾರಿನಲ್ಲಿ ಹೊರಗೆ ಹೋಗಿದ್ದ. ಕಾಯುತ್ತಾ ಕೂತೆ. ಮೇಜಿನ ಹಿಂದೆ ನಿನ್ನ ಅತ್ತೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಫೋನು, ಕೈ ಒರೆಸಿಕೊಂಡು ಬರೆದುಕೊಂಡರೆ ಮತ್ತೆ ಫೋನು. ನಾನಿದ್ದಷ್ಟು ಹೊತ್ತೂ ಆ ಡಬ್ಬಿ ಖಾಲಿಯಾಗಲಿಲ್ಲ. ನಡುವೆ ಒಂದೇ ಕಾರಿಗೆ ಒಂದೇ ಹೊತ್ತಿಗೆ ಇಬ್ಬರು ಬಂದು ನಿಂತರು. ಇಬ್ಬರೂ ಅವಳನ್ನೇ ಬೈದರು. ಅವಳು ಇಬ್ಬರಿಗೂ ಕ್ಷಮಿಸಿ ಎಂದಳು. ನೀನು ಇದನ್ನೆಲ್ಲ ಬರೆದಿದ್ದೆ, ಓದಿಯೂ ಓದಿದ್ದೆ. ಎದುರಿಗೆ ಕೂತು ನೋಡಿದ ಮೇಲೆ ಎಂಟು ಸಾವಿರ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಅವನು ಬಂದ. "ನಾನು ಕೊಟ್ಟ ಮಾತು ವಾಪಸ್ ತಗೋತೀನಿ. ಏನು ಕೆಲಸ ಅಂತ ಗೊತ್ತಿಲ್ದೆ ಬೆಲೆ ಹೇಳ್ಬಿಟ್ಟೆ. ಕೆಲಸ ಅವಳದು, ಬೆಲೆ ಹೇಳ್ಬೇಕಾದೋಳೂ ಅವಳೇ" ಎಂದೆ.

"ನೀನು ಮಾತು ವಾಪಸ್ ತಗೊಂಡಿದ್ದು ನಾನು ಯಾವತ್ತೂ ನೋಡಿಲ್ಲ" ಎಂದ.

"ನಾನೂ ನೋಡಿಲ್ಲ" ಎಂದೆ.

ಹಾಗಾದರೆ ಫ್ಲೆಕ್ಸ್ ಹುಡುಗರ ಹತ್ತಿರವೇ ಮಾಡಿಸುತ್ತೇನೆ ಎಂದ. ಮಾಡಿಸು ಎಂದು ಎದ್ದು ಬಂದೆ. ಅಂದಿನಿಂದ ಅವನು ಟೀಗೆ ಬಂದಿಲ್ಲ. ನಿಮ್ಮಮ್ಮ ಅಭ್ಯಾಸ ತಪ್ಪದೆ ಅವನ ಪಾಲಿನದೂ ಮಾಡಿಬಿಡುತ್ತಾಳೆ, ಅದನ್ನೂ ನಾನೇ ಕುಡಿದು ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತೇನೆ. ಬೇಜಾರಿದೆ ಮಗಳೇ, ಬಹಳ ಇದೆ. ಆದರೂ ಅವನ ಮುಖ ನೋಡಿ ಇಳಿಸಬೇಡ, ನನ್ನ ಮುಖ ನೋಡಿಯೂ ಇಳಿಸಬೇಡ. ಫ್ಲೆಕ್ಸ್ ಬಂದಾಗ ನನಗೆ ಹೀಗೆ ಹೇಳುವವರು ಯಾರೂ ಇರಲಿಲ್ಲ.

ಇಂತಿ,
ನಿನ್ನ ಅಪ್ಪ


ಜೂನ್ ೩

ನಮ್ಮ ಹುಡುಗಿಗೆ,

ನಿನ್ನ ಬ್ರೇಕ್ ಮಾವನ ಹೆಂಡತಿ ಬರೆಯುತ್ತಿದ್ದೇನೆ. ನಾನು ಕಾಗದ ಬರೆದು ಯಾವ ಕಾಲವಾಯಿತೋ, ಅಕ್ಷರ ನೋಡಿ ನಗಬೇಡ. ಫೋನ್ ಮಾಡಬಹುದಿತ್ತು, ಆದರೆ ನಾನೀಗ ಫೋನು ಮುಟ್ಟುತ್ತಿಲ್ಲ.

ಇವರು ಆ ಹುಡುಗರ ಹತ್ತಿರ ವೆಬ್‌ಸೈಟು ಮಾಡಿಸಿದರು. ನೋಡಲು ಚೆನ್ನಾಗಿಯೇ ಇದೆ. ನಮ್ಮ ಕಾರಿನ ಫೋಟೋ ಇದೆ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಬುಕ್ ಮಾಡಲು ಕರೆ ಮಾಡಿ' ಎಂದು ನನ್ನ ನಂಬರು ಇದೆ. ಮೊದಲು ಈ ಬಡಾವಣೆಯವರು ಮಾತ್ರ ಫೋನ್ ಮಾಡುತ್ತಿದ್ದರು, ಈಗ ಊರಿಗೆ ಊರೇ ಮಾಡುತ್ತದೆ. ಇವರಿಗೆ ಖುಷಿಯೋ ಖುಷಿ, "ನೋಡು, ಎಂಟೇ ಸಾವಿರ" ಎಂದರು. ನಾನು ಮರುದಿನ ಬೆಳಿಗ್ಗೆ ಎರಡೂ ಫೋನನ್ನು ತೆಗೆದು ಇವರ ಜೇಬಿಗೆ ಹಾಕಿ, ಇನ್ನು ನೀವೇ ಎತ್ತಿ ಎಂದೆ.

ಮೊದಲ ದಿನ ನಕ್ಕರು. ಮರುದಿನದಿಂದ ಕಲಿಯುವವರನ್ನು ಕೂರಿಸಿಕೊಂಡು ಬೀದಿಗೊಂದು ಕಡೆ ಕಾರು ನಿಲ್ಲಿಸುವುದೇ ಆಯಿತು. ಒಬ್ಬಳು ಹುಡುಗಿ ಇಳಿದು, ನನ್ನ ದುಡ್ಡು ವಾಪಸ್ ಕೊಡಿ ಎಂದಳಂತೆ. ನಿನ್ನೆ ಸಂಜೆ ಬಂದು ಕುರ್ಚಿಯಲ್ಲಿ ಕುಸಿದು ಕೂತು, "ಇದನ್ನ ದಿನಾ ನೀನು ಮಾಡ್ತಿದ್ಯಾ?" ಎಂದು ಕೇಳಿದರು. ಸ್ಕೂಲು ಶುರುವಾದಾಗಿನಿಂದ ಮಾಡುತ್ತಿದ್ದೇನೆ ಎಂದೆ.  ಆಮೇಲೆ ಎದ್ದು ಟೀ ಕುಡಿದು ಬರುತ್ತೇನೆ ಎಂದು ನಿಮ್ಮಪ್ಪನ ಮನೆಯ ಕಡೆ ಹೋದರು. ಹೋಗುವ ಮೊದಲು ಡ್ರಾಯರೆಲ್ಲ ಜಾಲಾಡಿ ನಿನ್ನ ಕೊಟೇಶನ್ನು ಹುಡುಕಿ ಜೇಬಿಗೆ ಹಾಕಿಕೊಂಡರು.

ಕಾರು ಕಲಿಸಿದ್ದನ್ನು ನೀನು ಬಿಲ್ಲಿಗೆ ಹಾಕಿದಾಗ ನನಗೂ ಬಹಳ ನೋವಾಗಿತ್ತು. ನೀನು ಬರೆದ ಕಾಗದ ಓದಿದ ಮೇಲೆ ನನ್ನದು ಹೋಯಿತು. ಇವರದು ಇನ್ನೂ ಸ್ವಲ್ಪ ಉಳಿದಿದೆ, ನೀನು ಎದುರಿಗೆ ಬಂದು ನಿಂತರೆ ಅದೂ ಹೋಗುತ್ತದೆ.

ಇನ್ನೊಂದು ವಾರದಲ್ಲಿ ಇವರು ನಿನಗೆ ಫೋನ್ ಮಾಡುತ್ತಾರೆ. ಮೂವತ್ತಕ್ಕೆ ಮಾಡಿಕೊಡು ಎಂದು ಚೌಕಾಸಿ ಮಾಡುತ್ತಾರೆ, ಇವರ ಬುದ್ಧಿ ನನಗೆ ಗೊತ್ತಿಲ್ಲವೇ. ಒಂದು ಕಾಸೂ ಇಳಿಸಬೇಡ. ಅವಸರವನ್ನೂ ಮಾಡಬೇಡ, ಎರಡು ತಿಂಗಳು ಬೇಕೆಂದರೆ ಎರಡು ತಿಂಗಳು ತೆಗೆದುಕೊ. ನೀನು ಮುಗಿಸುವ ತನಕ ನಾನು ಫೋನು ಎತ್ತುವುದಿಲ್ಲ.

ಇಂತಿ,
ನಿನ್ನ ಅತ್ತೆ